ತಿಮ್ಮರಾಜುವಿನ ಸೊಂಟ

೧೦ ನವೆಂಬರ್ ೧೯೯೬, ಭಾನುವಾರ. ಚಿನಕುರಳಿ

ಆದರೂ ನಾನು ನಿನ್ನೆ ಹೇಳಿದ್ದೇ ಸರಿ. ಅದು ಡಿಸ್ಕು, ಬೇರೇನೂ ಅಲ್ಲ. ನಿನ್ನೆ ಮನೆ ತುಂಬ ಜನ, ಎಲೆ ಹಾಕುವ ಎಲೆ ಎತ್ತುವ ಗಡಿಬಿಡಿ, ಯಾರೂ ನನ್ನ ಮಾತು ಪೂರ್ತಿ ಕೇಳಲಿಲ್ಲ. ನನ್ನ ಹೆಂಡತಿ ಚಲುವಮ್ಮ ಹೋಗಿ ವರ್ಷವಾಯಿತು ಎಂದು ಎಲ್ಲರೂ ಸೇರಿ ಒಪ್ಪಿಕೊಂಡು, ಉಂಡು, ಕೈ ತೊಳೆದು ಹೊರಟುಹೋದರು. ಮಗಳು ದಿವ್ಯಳೂ ಬೆಳಿಗ್ಗೆ ಬಸ್ಸಿಗೇ ಗಂಡನ ಮನೆಗೆ ಹೋದಳು. ಉಳಿದವನು ಚಲುವಮ್ಮನ ತಮ್ಮ ತಿಮ್ಮರಾಜು ಒಬ್ಬನೇ. ಅವನನ್ನು ನಾನೇ ಬಿಡಲಿಲ್ಲ.

ನಿನ್ನೆ ಅವನು ಬಸ್ಸಿಳಿದು ಬರುತ್ತಿದ್ದದ್ದನ್ನು ಜಗಲಿಯಿಂದ ನೋಡುತ್ತಿದ್ದೆ. ಸ್ವಲ್ಪ ನಡೆಯುತ್ತಾನೆ, ನಿಲ್ಲುತ್ತಾನೆ. ಯಾರದೋ ಗೋಡೆ ಹಿಡಿದು ಬಲಗಾಲು ಒದರುತ್ತಾನೆ. ಮತ್ತೆ ಏನೂ ಆಗದವನ ಹಾಗೆ ನಡೆಯುತ್ತಾನೆ. ಮತ್ತೆ ನಿಲ್ಲುತ್ತಾನೆ. ನಾನು ಎದ್ದು ಬೀದಿಗೇ ಹೋದೆ.

"ಏನ್ಲಾ ತಿಮ್ಮ, ಮೊಂಡೆತ್ತಿನಂಗೆ ನಿಂತ್ ನಿಂತ್ ಬತ್ತಿದ್ದೀಯಲ್ಲ."

"ಏನಿಲ್ಲ ಬಾವ. ನಡುದ್ರೆ ಮೀನಖಂಡ ಇಂಡ್ದಂಗಾಯ್ತದೆ. ಒಸಿ ನಿಂತ್ರೆ ಓಯ್ತದೆ. ತಿರ್ಗ ನಡುದ್ರೆ ತಿರ್ಗ ಬತ್ತದೆ."

ಅಷ್ಟು ಸಾಕಾಯಿತು ನನಗೆ. ಎಂಬತ್ತನಾಲ್ಕರಲ್ಲಿ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಕುಳಿತೂ ಕುಳಿತೂ ನನಗೆ ಆದದ್ದು ಇದೇ. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರ ಒತ್ತುತ್ತದೆ, ನೋವು ಕಾಲಿಗೆ ಇಳಿಯುತ್ತದೆ. ಸಯಾಟಿಕಾ. ಕಾಸ್ ಅಂಡ್ ಎಫೆಕ್ಟ್. ಮೈಸೂರಿನಲ್ಲಿ ಇಂಟರ್ ಮೀಡಿಯಟ್ ಓದುವಾಗ ಲಾಜಿಕ್ ಮೇಷ್ಟ್ರು ಹೇಳುತ್ತಿದ್ದರು, ಎಫೆಕ್ಟ್ ಕಂಡ ಕಡೆ ಕಾಸ್ ಹುಡುಕಬಾರದು, ಮೇಲೆ ಹುಡುಕಬೇಕು ಎಂದು. ಅಥವಾ ಹಿಂದೆ ಹುಡುಕಬೇಕು ಎಂದರೋ. ಎರಡರಲ್ಲಿ ಒಂದು.

ಈವತ್ತು ಹೊತ್ತು ಮೂಡುವ ಮುಂಚೆ ಅವನನ್ನು ಜಗಲಿಯ ಮೇಲೆ ಬೋರಲು ಮಲಗಿಸಿ ಬೆನ್ನು ತುಳಿದೆ. ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವನ ಕಾಲು ಸೋಕಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಎಂದು ಸುತ್ತಮುತ್ತಲ ಹಳ್ಳಿಯವರು ನಾನು ಚಡ್ಡಿ ಹಾಕುವ ಕಾಲದಿಂದಲೂ ಹುಡುಕಿಕೊಂಡು ಬರುತ್ತಾರೆ. ಓದಿದವನು, ನಾನು ನಂಬುವುದಿಲ್ಲ. ಆದರೆ ಬಂದವರು ನೆಟ್ಟಗೆ ನಡೆದುಕೊಂಡು ಹೋಗುತ್ತಾರೆ, ಅದಕ್ಕೆ ಏನು ಹೇಳುವುದು. ಎಡಗಾಲು ತೊಳೆದುಕೊಂಡು, ಸೊಂಟದಿಂದ ಮೇಲಕ್ಕೆ ಮೆಲ್ಲಗೆ ಒತ್ತಿದೆ. ತಿಮ್ಮ ಕೆಳಗೆ ನಗುತ್ತಿದ್ದ.

"ಅಕ್ಕ ಇದ್ದಿದ್ರೆ, ನನ್ ತಮ್ಮನ್ನ ಒದ್ಯಕೆ ಕರುಸ್ಕಂಡ್ರಾ ಅಂತ ಪೊರಕೆ ತರೋಳು."

"ಸುಮ್ನೆ ಬಿದ್ಕಳ್ಲಾ."

ಆಮೇಲೆ ಊಟದ ಹೊತ್ತಿನವರೆಗೂ ಡಿಸ್ಕಿನ ವಿಷಯ ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಿದೆ. ಸ್ಲೇಟಿನ ಮೇಲೆ ಚಿತ್ರ ಬರೆದೂ ತೋರಿಸಿದೆ. ಗಂಟಲು ಕಟ್ಟಿದೆ. ಅನ್ನಕ್ಕೆ ಹುಳಿ ಸಾಲದು ಎಂದು ಎರಡನೇ ಸಲ ಬಡಿಸಿಕೊಂಡೆ.

೧೪ ನವೆಂಬರ್, ಗುರುವಾರ

ತಿಮ್ಮನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ನನ್ನ ಸೊಂಟ ವಾಸಿ ಮಾಡಿದ ಅದೇ ಡಾಕ್ಟರು. ಈಗ ವಯಸ್ಸಾಗಿದೆ, ಆದರೂ ಶಾಪಿನ ಮುಂದೆ ಜನ ಜಾತ್ರೆ. ನನ್ನ ಗುರುತು ಹಿಡಿದರು. ಹನ್ನೆರಡು ವರ್ಷದ ಮೇಲೆ ಗುರುತು ಹಿಡಿಯುವುದೆಂದರೆ ಸಾಮಾನ್ಯವಲ್ಲ.

"ಏನಪ್ಪ, ಏನಾಗ್ತಿದೆ ನಿನಗೆ?" ಎಂದು ತಿಮ್ಮನನ್ನು ಕೇಳಿದರು.

"ಸಾರ್, ಈ ಬಲಗಾಲು, ನಡುದ್ರೆ..." ಎಂದು ಶುರು ಮಾಡಿದ. ಇವನು ಹೀಗೆ ಶುರು ಮಾಡಿದರೆ ತನ್ನ ಆಲೆಮನೆ ಗಾಣ, ಕಬ್ಬಿನ ರೇಟು ಎಲ್ಲ ಮುಗಿಸಿ ಕಾಲಿಗೆ ಬರುವಷ್ಟರಲ್ಲಿ ಸಾಯಂಕಾಲ. ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ. ನಾನು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ತೋರಿಸಿ ಹೇಳಿದೆ. "ಡಾಕ್ಟರ್, ಹಿ ಈಸ್ ಮೈ ಬ್ರದರ್ ಇನ್ ಲಾ. ಹಿ ಈಸ್ ಹ್ಯಾವಿಂಗ್ ಸಿವಿಯರ್ ಲೋ ಬ್ಯಾಕ್ ಪೇನ್, ರೇಡಿಯೇಟಿಂಗ್ ಟು ದಿ ರೈಟ್ ಲೆಗ್. ಎಗ್ಸಾಕ್ಟ್‌ಲಿ ಲೈಕ್ ಮೈ ಕೇಸ್."

ಆ ರೇಡಿಯೇಟಿಂಗ್ ಎಂಬ ಮಾತು ಅವರೇ ಅಂದು ನನಗೆ ಹೇಳಿದ್ದು. ಜೋಪಾನವಾಗಿ ಇಟ್ಟುಕೊಂಡಿದ್ದೆ. ಡಾಕ್ಟರು ನಕ್ಕು, "ನೀವೇ ಡಾಕ್ಟರಾಗಬೇಕಿತ್ತು ಗೌಡ್ರೆ, ಕಬ್ಬು ತೂಗ್ತಾ ಕೂತುಬಿಟ್ರಿ" ಎಂದು ಬರೆದುಕೊಂಡರು. ತಿಮ್ಮನನ್ನು ಮಲಗಿಸಿ ಕಾಲು ನೆಟ್ಟಗೆ ಮೇಲೆತ್ತಿ, ನೋವಾಗುತ್ತಾ ಎಂದರು. ಇಲ್ಲ ಸಾರ್ ಎಂದ. ನಾನು, ಅವನು ತಡೆದುಕೊಳ್ಳುತ್ತಾನೆ ಡಾಕ್ಟರ್, ಚಿಕ್ಕಂದಿನಿಂದಲೂ ಹಾಗೇ ಎಂದೆ. ಎಕ್ಸ್‌ರೇ ತೆಗೆಸಿದರು. ಕೆಳಗಿನ ಎರಡು ಮೂಳೆಯ ನಡುವೆ ಜಾಗ ಸ್ವಲ್ಪ ಕಮ್ಮಿಯಾಗಿದೆಯಂತೆ. ಐವತ್ತು ದಾಟಿದವರಿಗೆ ಇರುವುದೇ ಎಂದರು, ಆದರೂ ಇದೆ ಎಂದರು. ಇದೆ ಎಂದದ್ದು ಮುಖ್ಯ.

ಬೆಲ್ಟು, ಮಾತ್ರೆ, ಹಲಗೆಯ ಮೇಲೆ ಮಲಗುವುದು. ಅಬ್ಸೊಲ್ಯೂಟ್ ಬೆಡ್ ರೆಸ್ಟ್.

ಬಸ್ ಸ್ಟ್ಯಾಂಡಿನಲ್ಲಿ ತಿಮ್ಮ ಮಂಕಾಗಿ ಕುಳಿತಿದ್ದ. ಆಲೆಮನೆ ಒಲೆ ಹೊತ್ತಿಸುವ ಕಾಲ ಇದು, ಮಲಗು ಎಂದರೆ ಯಾರಿಗೆ ತಾನೆ ಬೇಜಾರಿಲ್ಲ. ಒಂದು ಕಟ್ಟು ಬೀಡಿ ಕೊಡಿಸಿದೆ. ಇಬ್ಬರೂ ಒಂದೊಂದು ಹಚ್ಚಿದೆವು. ನಾನೂ ಜೊತೆಗೆ ಬರುತ್ತೇನೆ, ನೀನು ಏಳುವವರೆಗೆ ನಿನ್ನ ಮನೆಯಲ್ಲೇ ಇರುತ್ತೇನೆ ಎಂದೆ. ಚಿನಕುರಳಿಯಲ್ಲಿ ನನಗೇನು ಕಡಿದು ಹಾಕುವ ಕೆಲಸವಿದೆ.

೨೫ ನವೆಂಬರ್, ಸೋಮವಾರ. ಸಂತೆಬಾಚಹಳ್ಳಿ ಹತ್ತಿರ, ತಿಮ್ಮನ ಊರು

ಇಲ್ಲಿಗೆ ಬಂದು ವಾರದ ಮೇಲಾಯಿತು. ಹಲಗೆ ಹಾಕಿಸಿದ್ದೇನೆ. ಬೆಳಿಗ್ಗೆ ನಾನೇ ಬೆಲ್ಟು ಬಿಗಿಯುತ್ತೇನೆ. ಎದ್ದು ಓಡಾಡಿದರೆ ಗದರುತ್ತೇನೆ. ತಿಮ್ಮನ ಹೆಂಡತಿ ಪುಟ್ಟಗೌರಮ್ಮ ಮೊದಲ ದಿನ, "ಅಣ್ಣಯ್ಯ ಬಂದಿದ್ದು ನಂಗೆ ಆನೆಬಲ ಬಂದಂಗಾಯ್ತು" ಎಂದಳು. ಈಗ ದಿನವೂ ಅನ್ನುವುದಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತದೆ.

ಆಲೆಮನೆ ಹೊತ್ತಿಸಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತು ಕಬ್ಬಿನ ಹಾಲು ಪಾಕಕ್ಕೆ ಬಂದದ್ದನ್ನು ನೋಡಿ ಹೇಳುವವನು ತಿಮ್ಮನೇ. ಬೇರೆಯವರನ್ನು ನಿಲ್ಲಿಸಿದರೆ ಬೆಲ್ಲ ಕಪ್ಪಾಗುತ್ತದೆ, ಇಲ್ಲ ಕಟ್ಟುವುದೇ ಇಲ್ಲ. ಪಕ್ಕದ ಆಲೆಮನೆಗಳ ಹೊಗೆ ಬೆಳಿಗ್ಗೆ ಕಿಟಕಿಗೆ ಬರುತ್ತದೆ. ಮಲಗಿದ್ದಲ್ಲೇ ಮೂಗು ಎತ್ತಿ, "ಕರಿಯಯ್ಯನ ಕೊಪ್ಪರಿಗೆ ಸೀಯ್ತಾ ಅದೆ ಬಾವ, ಯಾರಾದ್ರೂ ಓಗಿ ಏಳಿ" ಎನ್ನುತ್ತಾನೆ. ಕರಿಯಯ್ಯ ಪಕ್ಕದ ತೋಟದವನು. ನಾನೊಮ್ಮೆ ಹೋಗಿ ನೋಡಿದೆ. ಸೀಯುತ್ತಲೇ ಇತ್ತು.

ದಿನಕ್ಕೊಂದು ಕಟ್ಟು ಬೀಡಿ ಸಂತೆಬಾಚಹಳ್ಳಿಯಿಂದ ತಂದುಕೊಡುತ್ತೇನೆ. ಮಲಗಿದವನಿಗೆ ಅದೊಂದೇ ಸಮಾಧಾನ. ಸಂಜೆ ಇಬ್ಬರೂ ಹೊಗೆ ಬಿಡುತ್ತಾ ಕುಳಿತರೆ ನಾನು ಕಾಲೇಜಿನ ಕಾಲದ್ದೆಲ್ಲ ಹೇಳುತ್ತೇನೆ. ಅವನು ಒಳ್ಳೆಯ ಕೇಳುಗ. ಮಧ್ಯೆ ಬಾಯಿ ಹಾಕುವುದಿಲ್ಲ.

ಈವತ್ತು ಒಂದು ಮಾತು ಅಂದ. "ಬಾವ, ಸೊಂಟದಲ್ಲಿ ಏನೂ ಇಲ್ಲ ಕನ. ಕಾಲೇ ನೋಯದು." ನಾನು ಹೇಳಿದೆ, ಅದೇ ಕಣ್ಲಾ ಡಿಸ್ಕಿನ ಮೋಸ. ಕಳ್ಳ ಒಂದು ಕಡೆ, ಕೂಗು ಒಂದು ಕಡೆ. ಟು ಬಿ ಫ್ರಾಂಕ್, ಈ ಹೋಲಿಕೆ ನನಗೇ ಮೆಚ್ಚುಗೆಯಾಯಿತು.

೨ ಡಿಸೆಂಬರ್, ಸೋಮವಾರ

ತಿಮ್ಮ ಮಲಗಿದಾಗ ಕಾಲನ್ನು ಹಲಗೆಯಿಂದ ಕೆಳಕ್ಕೆ ಇಳಿಬಿಟ್ಟುಕೊಳ್ಳುತ್ತಾನೆ. ಹಾಗಿದ್ದರೆ ಹಾಯಂತೆ. ಹೀಗೆ ಸೊಟ್ಟಗೆ ಮಲಗಿದರೆ ಸೊಂಟ ಎಲ್ಲಿ ನೆಟ್ಟಗಾಗಬೇಕು. ಗದರಿ ಮೇಲಿಡಿಸಿ ಕೆಳಗೆ ಎರಡು ದಿಂಬು ಕೊಟ್ಟೆ. ಮುಖ ಕಿವುಚಿದ. ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ಇಳಿಬಿಟ್ಟಿದ್ದಾನೆ. ಮತ್ತೆ ಮೇಲಿಡಿಸಿದೆ.

ಗೌರಮ್ಮ ಬಂದು, "ಅಣ್ಣಯ್ಯ, ಈ ಪಾದ ಮುಟ್ ನೋಡಿ, ತಣ್ಣಗೆ ಬಾವಿ ಕಲ್ಲಂಗದೆ. ಆ ಪಾದ ನೆಟ್ಟಗದೆ" ಎಂದಳು. ನಾನು ಮುಟ್ಟಲಿಲ್ಲ. ನನಗಿಂತ ಚಿಕ್ಕವನ ಕಾಲು ನಾನು ಹೇಗೆ ಮುಟ್ಟುವುದು. ತಣ್ಣಗಿದ್ದರೆ ಬಿಸಿ ಮಾಡಿದರಾಯಿತು. ಇಟ್ಟಿಗೆ ಒಲೆಯಲ್ಲಿ ಕಾಯಿಸಿ ಗೋಣಿತಾಟು ಸುತ್ತಿ ಪಾದಕ್ಕೆ ಒತ್ತಿಡುವಂತೆ ಹೇಳಿದೆ. ನನ್ನ ಸೊಂಟಕ್ಕೆ ಚಲುವಮ್ಮ ಹಾಗೇ ಮಾಡುತ್ತಿದ್ದಳು. ಎಷ್ಟು ಹಿತವಾಗಿತ್ತು.

೯ ಡಿಸೆಂಬರ್, ಸೋಮವಾರ

ಇಟ್ಟಿಗೆಯ ಬಿಸಿಗೆ ಹೆಬ್ಬೆರಳ ಪಕ್ಕ ಬೊಬ್ಬೆ ಬಂದು ಒಡೆದಿದೆ. ಸುಟ್ಟರೂ ಅವನಿಗೆ ಗೊತ್ತಾಗಲಿಲ್ಲವಂತೆ. ಇಂಥ ದಡ್ಡತನ ಎಲ್ಲಿಯಾದರೂ ಉಂಟೇ ಎಂದು ಬೈದೆ. ಅರಿಶಿನ ಹಚ್ಚಿದ್ದೇವೆ.

೧೬ ಡಿಸೆಂಬರ್, ಸೋಮವಾರ

ಗಾಯ ಮಾಯುತ್ತಿಲ್ಲ.

೨೧ ಡಿಸೆಂಬರ್, ಶನಿವಾರ

ಗೌರಮ್ಮನ ಜೊತೆ ಮಾತಾಯಿತು. ಬೇರೆ ಡಾಕ್ಟರಿಗೆ ತೋರಿಸೋಣ ಎಂದಳು. ಅವಳ ಅಣ್ಣ ಸೋಮಯ್ಯ ನಾಗಮಂಗಲದಲ್ಲಿ ಇದ್ದಾನೆ, ಬೆಳ್ಳೂರು ಕ್ರಾಸಿನ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ್ದಾನಂತೆ. ಡಾಕ್ಟರನ್ನು ಪದೇಪದೇ ಬದಲಾಯಿಸಬಾರದು, ಟ್ರೀಟ್‌ಮೆಂಟ್ ಕೆಡುತ್ತದೆ ಎಂದೆ. ಅವಳು ಸೆರಗಿನಿಂದ ಗಾಯದ ಮೇಲಿನ ನೊಣ ಓಡಿಸಿದಳು. ಆಗ ನೋಡಿದೆ. ಹೆಬ್ಬೆರಳ ತುದಿ ಕಪ್ಪಾಗಿದೆ. ಮಸಿ ಹತ್ತಿರಬೇಕೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಮಸಿಯಲ್ಲ.

ಸೋಮವಾರ ಹೋಗೋಣ ಎಂದೆ. ಬೀಡಿಗೆ ಹೋಗಲಿಲ್ಲ ಈವತ್ತು.

೨೩ ಡಿಸೆಂಬರ್, ಸೋಮವಾರ

ಸೋಮಯ್ಯ ಯಾರದೋ ವ್ಯಾನು ತಂದಿದ್ದ. ಬೆಳ್ಳೂರು ಕ್ರಾಸಿನಲ್ಲಿ ಇಳಿಸಿ, ಹೋಟೆಲಿನಲ್ಲಿ ತಿಮ್ಮನಿಗೆ ಇಡ್ಲಿ ತಿನ್ನಿಸಿ, ಆಸ್ಪತ್ರೆಗೆ ಹೋದೆವು. ಸರ್ಜನ್ ಹೆಂಗಸು. ಸಣ್ಣ ವಯಸ್ಸು, ಕನ್ನಡಕ. ಅವರು ನಮ್ಮ ಎಕ್ಸ್‌ರೇ, ಶ್ರೀರಂಗಪಟ್ಟಣದ ಚೀಟಿ ಎಲ್ಲ ನೋಡಿದರು. ನಾನು ಎದ್ದು ನಿಂತೆ. "ಮೇಡಂ, ದಿಸ್ ಈಸ್ ಎ ಕೇಸ್ ಆಫ್..." ಎನ್ನುತ್ತಿದ್ದಂತೆ ಕೈ ಸ್ವಲ್ಪ ಮೇಲೆತ್ತಿ, "ಒಂದು ನಿಮಿಷ ಕೂತ್ಕೊಳಿ ಸರ್, ಅವರೇ ಹೇಳ್ಲಿ" ಎಂದರು.

ನಾನು ಕುಳಿತೆ.

ತಿಮ್ಮ ಹೇಳಿದ. ನಿಧಾನಕ್ಕೆ, ಆಲೆಮನೆಯಿಂದಲೇ ಶುರು ಮಾಡಿದ. ಕೊಪ್ಪರಿಗೆಯ ಮುಂದೆ ನಿಂತಾಗ ಏನೂ ಇಲ್ಲ, ಕಬ್ಬಿನ ಗದ್ದೆಗೆ ನಡೆದರೆ ಮೀನಖಂಡ ಹಿಂಡುತ್ತದೆ, ನಿಂತರೆ ಹೋಗುತ್ತದೆ. ಹೋದ ವರ್ಷ ಕಾಲುವೆ ದಾಟುತ್ತಿದ್ದೆ, ಈ ವರ್ಷ ಹುಣಸೆಮರದ ಹತ್ತಿರವೇ ನಿಲ್ಲುತ್ತೇನೆ. ಮಲಗಿದರೆ ಪಾದ ಉರಿ. ಇಳಿಬಿಟ್ಟರೆ ಹಾಯಿ. ಹೇಳಿ ಮುಗಿಸುವಷ್ಟರಲ್ಲಿ ಸಾಯಂಕಾಲವೇನೂ ಆಗಲಿಲ್ಲ. ಒಂದು ಬೀಡಿ ಸೇದುವಷ್ಟು ಹೊತ್ತು ಹಿಡಿಯಿತು ಅಷ್ಟೆ. ನಾನು ಇಷ್ಟು ದಿನ ಅವನ ಪಕ್ಕದಲ್ಲೇ ಕುಳಿತಿದ್ದರೂ ಇದರಲ್ಲಿ ಅರ್ಧ ಮೊದಲ ಸಲ ಕೇಳಿದೆ.

"ಸೊಂಟ ನೋವು ಯಾವಾಗಿಂದ?"

"ಸೊಂಟ ನೋವಿಲ್ಲ ಮೇಡಂ."

"ಚೀಟೀಲಿ ಬರೆದಿದೆಯಲ್ಲ, ತುಂಬಾ ಸೊಂಟ ನೋವು ಅಂತ. ಯಾರು ಹೇಳಿದ್ದು?"

ತಿಮ್ಮ ನನ್ನ ಕಡೆ ತಿರುಗಲೇ ಇಲ್ಲ. ಗೋಡೆಯ ಮೇಲಿನ ಗಡಿಯಾರ ನೋಡುತ್ತಾ, "ಅವ್ರೇ ಅಂಗೆ ಬರ್ಕಂಡವ್ರೆ ಮೇಡಂ" ಎಂದ.

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ಡಾಕ್ಟರು ಕುರ್ಚಿಯಿಂದ ಎದ್ದು ಬಂದು, ಬಗ್ಗಿ, ಎರಡು ಪಾದದ ಮೇಲೂ ಬೆರಳಿಟ್ಟರು. ಮಂಡಿಯ ಹಿಂದೆ, ತೊಡೆಯ ಸಂದಿಯಲ್ಲಿ ಎಲ್ಲ ಕಡೆ ಹಿಡಿದು ನೋಡಿದರು. ಆಮೇಲೆ ಗೌರಮ್ಮನನ್ನು ಹತ್ತಿರ ಕರೆದು ಅವಳ ಬೆರಳನ್ನು ಎಡಪಾದದ ಮೇಲಿಟ್ಟು, "ಇಲ್ಲಿ ಮಿಡೀತಿದೆಯಾ ಅಮ್ಮ? ಈಗ ಈ ಪಾದ. ಇಲ್ಲಿ?" ಎಂದರು. ಗೌರಮ್ಮ ಬಹಳ ಹೊತ್ತು ಹಿಡಿದಿದ್ದು, ಇಲ್ಲ ಎಂದು ತಲೆಯಾಡಿಸಿದಳು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಡೆದರೆ ಕಾಲಿಗೆ ಹೆಚ್ಚು ರಕ್ತ ಬೇಕು, ಬರುವುದಿಲ್ಲ, ಅದಕ್ಕೇ ನೋವು. ಕಾಲು ಮೇಲೆತ್ತಿದರೆ ಬರುವುದೂ ನಿಲ್ಲುತ್ತದೆ. ಇಳಿಬಿಟ್ಟರೆ ಅಷ್ಟಿಷ್ಟು ಇಳಿಯುತ್ತದೆ. ಇಂಥ ಕಾಲಿಗೆ ಬಿಸಿ ತಾಗಿಸಲೇಬಾರದು. ಸೊಂಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

"ಬೀಡಿ ಎಷ್ಟು?"

"ದಿನಕ್ಕೊಂದು ಕಟ್ಟು. ಬಾವ ತಂದ್ಕೊಡ್ತಾರೆ." ಇದನ್ನು ಮಾತ್ರ ನನ್ನ ಬಗ್ಗೆ ಒಳ್ಳೆಯ ಮಾತು ಎಂಬಂತೆ ಹೇಳಿದ.

"ಇನ್ನು ಒಂದು ಸೇದಿದ್ರೂ ಕಾಲು ಉಳಿಯಲ್ಲ. ಬೇಗ ಬೆಂಗಳೂರಿಗೆ ಹೋಗಿ. ನಾನು ಬರೆದುಕೊಡ್ತೀನಿ. ತಿಂಗಳ ಮುಂಚೆ ಬಂದಿದ್ರೆ ಈ ಗಾಯ ಇರ್ತಿರಲಿಲ್ಲ."

ಹೊರಗೆ ಬಂದು ಗೌರಮ್ಮ ಕಟ್ಟೆಯ ಮೇಲೆ ಕುಳಿತು ಶ್ರೀರಂಗಪಟ್ಟಣದ ಡಾಕ್ಟರಿಗೆ ಶಾಪ ಹಾಕಿದಳು. "ಕಾಲ್ ನೋವು ಅಂತ ಓದೋನ್ಗೆ ಸೊಂಟಕ್ ಮದ್ ಕೊಟ್ನಲ್ಲ, ಅವನ್ ಕೈ ಸೇದೋಗ. ಅಣ್ಣಯ್ಯ, ನೀವೇ ಏಳಿ, ಇವ್ರು ಅಲ್ಲಿ ಸೊಂಟ ಅಂತ ಅಂದಿದ್ರಾ?"

"ಇಲ್ಲ ಕಣವ್ವ" ಎಂದೆ. ಅದು ಸುಳ್ಳಲ್ಲ. ತಿಮ್ಮ ಅಂದಿರಲಿಲ್ಲ.

೨೪ ಡಿಸೆಂಬರ್, ಮಂಗಳವಾರ

ಬೀಡಿ ಹಚ್ಚುವ ಬೆಂಕಿಪೊಟ್ಟಣ ಗೌರಮ್ಮನ ಒಲೆಯ ಹತ್ತಿರ ಇಟ್ಟುಬಂದೆ. ನಾಳೆ ಬೆಂಗಳೂರು.

೪ ಜನವರಿ ೧೯೯೭, ಶನಿವಾರ. ಬೆಂಗಳೂರು

ಬಹಳ ದಿನ ಬರೆಯಲಿಲ್ಲ. ರಕ್ತನಾಳಕ್ಕೆ ಬಣ್ಣ ಬಿಟ್ಟು ಕಾಲಿನ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಡೆಯಿಂದ ಇಳಿಯುವ ಹೊಳೆ ಮಂಡಿಯ ಮೇಲೆ ಥಟ್ಟನೆ ನಿಂತಿದೆ. ಅಲ್ಲಿಂದಾಚೆ ಬೇರಿನ ಹಾಗೆ ಸಣ್ಣ ಸಣ್ಣ ಎಳೆ. ನಾಲೆಗೆ ನೀರು ಬಿಡದೆ ಕೊನೆಯ ಗದ್ದೆ ಒಣಗಿದ ಹಾಗೆ ಎಂದು ತಿಮ್ಮನಿಗೆ ಹೇಳಿದೆ. ಅವನಿಗೆ ತಕ್ಷಣ ಅರ್ಥವಾಯಿತು. ಇದನ್ನೇ ಮೊದಲು ಹೇಳಲು ನನಗೆ ಬರಲಿಲ್ಲ, ಸ್ಲೇಟು ತುಂಬ ಬೆನ್ನುಮೂಳೆ ಬರೆದೆ.

ನಿನ್ನೆ ಆಪರೇಷನ್ ಆಯಿತು. ಅವನ ತೊಡೆಯಿಂದಲೇ ಒಂದು ನಾಳ ಬಿಡಿಸಿ ಕಟ್ಟಿಕೊಂಡ ಜಾಗ ದಾಟಿಸಿ ಹೊಲಿದಿದ್ದಾರೆ. ಕಾಲು ಉಳಿಯಿತು. ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡನ್ನೂ ತೆಗೆದರು. ಇಟ್ಟಿಗೆ ಇಟ್ಟ ಜಾಗ.

ಆಪರೇಷನ್ ಆಗುವವರೆಗೆ ವರಾಂಡದಲ್ಲಿ ಗೌರಮ್ಮ, ಸೋಮಯ್ಯ, ನಾನು. ಗೌರಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಕಡಲೆಪುರಿ ಕೊಟ್ಟು, "ತಿನ್ನಿ ಅಣ್ಣಯ್ಯ, ನೀವು ಬೆಳಿಗ್ಗಿಂದ ಒಟ್ಟೆಗೆ ಏನೂ ಆಕ್ಕಂಡಿಲ್ಲ" ಎಂದಳು. ಆಮೇಲೆ ಮತ್ತೆ ಆ ಡಾಕ್ಟರ ಸುದ್ದಿ. ಸೋಮಯ್ಯ ಒಂದು ದಿವಸ ಹೋಗಿ ಅವನ ಶಾಪಿನ ಮುಂದೆ ನಿಂತು ಮಾನ ಕಳೆದು ಬರುತ್ತೇನೆ ಎಂದ. ನಾನು ಪುರಿ ಅಗಿಯುತ್ತಾ ಕುಳಿತೆ.

ಈಗ ಹೇಳಿದರೆ ಏನಾಗುತ್ತದೆ. ಗೌರಮ್ಮ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ಸೇರಿಸಬಾರದು ಕೂಡ. ಚಿನಕುರಳಿಗೆ ಹೋಗಿ ಬೀಗ ತೆಗೆದರೆ, ಒಳಗೆ ನಾನು ವರ್ಷವೆಲ್ಲ ನೋಡುತ್ತಾ ಕುಳಿತಿದ್ದ ಆ ಗೋಡೆ ಇದೆ.

೨೦ ಜನವರಿ, ಸೋಮವಾರ. ತಿಮ್ಮನ ಊರು

ತಿಮ್ಮನನ್ನು ಮನೆಗೆ ಕರೆತಂದೆವು. ಹಲಗೆಯನ್ನು ದನದ ಕೊಟ್ಟಿಗೆಗೆ ಹಾಕಿಸಿದೆ.

ದಿನಾ ಸಂಜೆ ಪಾದದ ಮೇಲೆ ಮಿಡಿತ ನೋಡಬೇಕು, ನಿಂತರೆ ತಕ್ಷಣ ಹೊರಡಬೇಕು ಎಂದು ಬೆಂಗಳೂರಿನಲ್ಲಿ ನರ್ಸ್ ಹೇಳಿಕೊಟ್ಟಳು. ಗೌರಮ್ಮನಿಗೆ ಅಲ್ಲಿ ಸಿಕ್ಕಿತ್ತು, ಇಲ್ಲಿಗೆ ಬಂದ ಮೇಲೆ ಗಾಬರಿಗೆ ಸಿಗುತ್ತಿಲ್ಲ. ತಿಮ್ಮನಿಗೆ ಹೊಲಿಗೆ ಎಳೆಯುತ್ತದೆ, ಬಗ್ಗಲಾರ. ನಾನು ಕೆಳಗೆ ಚಾಪೆಯ ಮೇಲೆ ಕುಳಿತು ಅವನ ಪಾದ ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಎಳೆದುಕೊಂಡ.

"ಬಾವ, ಬ್ಯಾಡ ಕನ. ನಂಗೆ ಪಾಪ ಸುತ್ಕತದೆ."

"ಅಲ್ಲಾಡ್ಬ್ಯಾಡ. ಲೆಕ್ಕ ತಪ್ತದೆ."

ಲೆಕ್ಕ ಏನೂ ಇರಲಿಲ್ಲ, ಸುಮ್ಮನಿರಲಿ ಎಂದು ಹೇಳಿದ್ದು. ಮೊದಲು ನನ್ನ ಬೆರಳಿನದೇ ಮಿಡಿತ ತಿಳಿಯಿತು. ಗಟ್ಟಿಯಾಗಿ ಒತ್ತಿದರೆ ಸಿಗುವುದಿಲ್ಲ. ಬೆರಳು ಸುಮ್ಮನೆ ಇಟ್ಟು ಕಾಯಬೇಕು. ಆಮೇಲೆ ಸಿಕ್ಕಿತು. ಸಣ್ಣಗೆ, ಹಕ್ಕಿಮರಿಯ ಎದೆಯ ಹಾಗೆ. ಪಾದ ಬೆಚ್ಚಗಿತ್ತು.

೨ ಫೆಬ್ರವರಿ, ಭಾನುವಾರ

ಈವತ್ತು ಕುಳ್ಳಯ್ಯ ಬಂದಿದ್ದ, ಚಿನಕುರಳಿಯಿಂದ. ಜಲ್ಲಿ ಕ್ವಾರಿಯಲ್ಲಿ ಕೆಲಸ. ನಾನು ಇಲ್ಲಿದ್ದೇನೆಂದು ವಿಚಾರಿಸಿಕೊಂಡು ಬಸ್ಸು ಬದಲಾಯಿಸಿ ಬಂದಿದ್ದಾನೆ. ಬಂದವನೇ ಅಂಗಿ ತೆಗೆದು ಜಗಲಿಯ ಮೇಲೆ ಬೋರಲು ಮಲಗಿದ.

"ಒದೀರಿ ಗೌಡ್ರೆ. ಮಧ್ಯಾಹ್ನದ್ ಬಸ್ಗೆ ಓಗ್ಬೇಕು."

"ಏಳ್ಲಾ ಮೇಲೆ. ಎಲ್ಲಿ ನೋವು?"

"ನಿಮ್ಗೆ ಗೊತ್ತಿಲ್ವಾ? ಸೊಂಟ."

"ನಂಗೆ ಗೊತ್ತಿಲ್ಲ. ನೀನೇ ಹೇಳು. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ, ಎಲ್ಲ ಹೇಳು."

ಎದ್ದು ಕುಳಿತು ಹೇಳಲು ಶುರು ಮಾಡಿದ. ಕ್ವಾರಿ, ಮೇಸ್ತ್ರಿ, ಅವನ ಅತ್ತೆ, ಅತ್ತೆ ಮನೆಯ ಕುರಿ. ಮಧ್ಯಾಹ್ನದ ಬಸ್ಸು ಹೋಯಿತು. ಗೌರಮ್ಮ ಇಬ್ಬರಿಗೂ ಮುದ್ದೆ ಇಟ್ಟಳು. ಮುಗಿದ ಮೇಲೆ, ಕಾಲು ಚಾಚು ಎಂದು ಅವನ ಪಾದ ಹಿಡಿದೆ. ಹಾವು ಕಂಡವನ ಹಾಗೆ ಜಗಲಿಯಿಂದ ಕೆಳಕ್ಕೆ ಹಾರಿದ.

"ಏನ್ ಗೌಡ್ರೆ ಇದು. ಒದೀರಿ ಅಂದ್ರೆ ಕಾಲ್ ಇಡ್ಕತೀರಲ್ಲ. ನಾನೇನ್ ನಿಮ್ಗೆ ಮಗಳ್ ಕೊಡ್ಬೇಕಾಗಿತ್ತಾ?"

ತಿಮ್ಮ ಒಳಗಿನಿಂದ ನಕ್ಕ ಶಬ್ದ ಕೇಳಿತು. ಬಹಳ ದಿನದ ಮೇಲೆ. ಕುಳ್ಳಯ್ಯನ ಎರಡು ಪಾದದಲ್ಲೂ ಮಿಡಿತ ಚೆನ್ನಾಗಿದೆ. ಭಾರ ಎತ್ತಿ ಹಿಡಿದುಕೊಂಡಿರಬೇಕು, ಆದರೂ ಡಾಕ್ಟರಿಗೆ ತೋರಿಸು, ನೀನೇ ಬಾಯಿಬಿಟ್ಟು ಹೇಳು, ಪಕ್ಕದವರಿಗೆ ಹೇಳಲು ಬಿಡಬೇಡ ಎಂದು ಕಳಿಸಿದೆ. ಒದೆ ಸಿಗಲಿಲ್ಲವೆಂದು ಗೊಣಗುತ್ತಾ ಹೋದ.

೧೬ ಫೆಬ್ರವರಿ, ಭಾನುವಾರ

ನಡೆಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ದಿನಾ ನಾನೂ ಜೊತೆಗೆ. ಬೆರಳಿಲ್ಲದ ಕಡೆ ಬಟ್ಟೆ ತುರುಕಿದ ಕ್ಯಾನ್ವಾಸ್ ಷೂ ಹಾಕಿದ್ದಾನೆ. ಹುಣಸೆಮರ ದಾಟಿದೆವು, ಅವನು ನಿಲ್ಲಲಿಲ್ಲ. ನಾನು ನಿಂತೆ, ರೂಢಿಯಿಂದ. ತಿರುಗಿ ನೋಡಿ, "ಬನ್ನಿ ಬಾವ, ಡಿಸ್ಕಾ?" ಎಂದ.

ಆಲೆಮನೆಯವರೆಗೂ ಹೋದೆವು. ಒಲೆಯ ಗುಂಡಿಯಲ್ಲಿ ನಾಯಿ ಮರಿ ಹಾಕಿದೆ. ಕೊಪ್ಪರಿಗೆ ಮಗುಚಿ ಇಟ್ಟಿದೆ. ಅದರ ಮೇಲೆ ಇಬ್ಬರೂ ಕುಳಿತೆವು.

ಹೇಳಿಬಿಡಬೇಕೆಂದು ಬೆಳಿಗ್ಗೆಯೇ ನಿರ್ಧರಿಸಿದ್ದೆ. ಕಾರಣ ಉಂಟು. ನಾಳೆ ಸೋಮವಾರ ಸೋಮಯ್ಯನೂ ಗೌರಮ್ಮನೂ ಶ್ರೀರಂಗಪಟ್ಟಣಕ್ಕೆ ಹೊರಟಿದ್ದಾರೆ, ಆ ಡಾಕ್ಟರನ್ನು ಜನರ ಮುಂದೆ ನಿಲ್ಲಿಸಿ ಕೇಳಲು. ವ್ಯಾನು ಹೇಳಿಯಾಗಿದೆ. ನಂಟರಿಷ್ಟರು ನಾಲ್ಕು ಜನ ಬರುತ್ತಾರಂತೆ. ಆ ಮುದುಕ ನಾನು ಹೇಳಿದ್ದನ್ನು ನಂಬಿದ. ನಾನು ಹೇಳಿದ ರೀತಿ ಹಾಗಿತ್ತು.

"ಲೇ ತಿಮ್ಮ, ಅವತ್ತು ಡಾಕ್ಟ್ರಿಗೆ ನಾನು ಇಂಗ್ಲೀಷಲ್ಲಿ ಏನಂದೆ ಗೊತ್ತಾ ನಿಂಗೆ?"

"ಸೊಂಟ ನೋವು ಅಂದ್ರಿ."

"ನಿಂಗೆಂಗೆ ಗೊತ್ತು?"

"ಸೊಂಟದ್ ಮೇಲೆ ಕೈ ಮಡಿಕಂಡ್ ಏಳುದ್ರಲ್ಲ ಬಾವ. ಅದುಕ್ಕೆ ಇಂಗ್ಲೀಷ್ ಬರ್ಬೇಕಾ?"

ನಾಯಿಮರಿಗಳು ಕೀಯೋ ಅನ್ನುತ್ತಿದ್ದವು. ಅವನು ಒಂದನ್ನು ಎತ್ತಿ ಮಡಿಲಿಗೆ ಹಾಕಿಕೊಂಡ.

"ಮತ್ಯಾಕ್ಲಾ ಸುಮ್ನಿದ್ದೆ? ಅಲ್ಲ ಅನ್ನಾಕ್ ಏನಾಗಿತ್ತು ನಿಂಗೆ?"

"ಅಕ್ಕ ಓದ್ಮೇಲೆ ನೀವು ಬಾಯೇ ಬುಟ್ಟಿರ್ಲಿಲ್ಲ. ನಾನ್ ಬಂದಾಗ್ಲೆಲ್ಲ ಗೋಡೆ ನೋಡ್ಕಂಡ್ ಕುಂತಿರೋರಿ. ಉಂಡ್ರಾ ಅಂದ್ರೆ ಊ ಅನ್ನೋರಿ, ಅಷ್ಟೆ. ತಿಥಿ ದಿವ್ಸ ನನ್ ಕಾಲ್ ಕಂಡು ಬೀದಿಗೆ ಎದ್ ಬಂದ್ರಿ. ಬೈದ್ರಿ. ಒದ್ರಿ. ಸ್ಲೇಟ್ ತಗ್ದು ಪಾಠ ಮಾಡುದ್ರಿ. ಎಲ್ಡು ದಪ ಅನ್ನ ಆಕುಸ್ಕಂಡ್ರಿ. ಡಾಕ್ಟ್ರ ಮುಂದೆ ಎದ್ ನಿಂತು ಅಂಗೆ ಸುರುಸ್ತಾ ಇದ್ರೆ, ಮಾತಾಡ್ಲಿ ಬುಡು ಅನ್ನುಸ್ತು. ಕಾಲ್ ತಾನೆ, ಇವತ್ತಲ್ಲ ನಾಳೆ ಸರಿ ಓಯ್ತದೆ ಅನ್ಕಂಡೆ."

ಅವನ ಮಡಿಲಿನಿಂದ ಜಾರುತ್ತಿದ್ದ ಮರಿಯನ್ನು ಮೇಲಕ್ಕೆ ಸರಿಸಿದೆ.

"ಎಲ್ಡು ಬೆಳ್ಳು ತಾನೆ ಓಗಿರದು. ನೀವು ಬಾಯ್ ಬುಟ್ಟಿದ್ದುಕ್ಕೆ ಅಷ್ಟ್ ಕೊಡ್ಬೋದು ಬುಡಿ" ಎಂದು ನಾಯಿಮರಿಯ ತಲೆ ಸವರಿದ.

"ಗೌರಮ್ಮಂಗೆ ಹೇಳ್ತೀನಿ ಕಣ್ಲಾ."

"ಬ್ಯಾಡ. ನಿಮ್ಗೆ ಊಟ ಆಕಾಕಿಲ್ಲ ಅವ್ಳು. ನಂಗೂ ಆಕಾಕಿಲ್ಲ, ಗೊತ್ತಿದ್ದೂ ಬಾಯ್ ಮುಚ್ಕಂಡಿದ್ದುಕ್ಕೆ."

ವಾಪಸು ಬರುವಾಗ ಕಾಲುವೆಯ ಹತ್ತಿರ ಒಂದು ಸಲ ನಿಂತ. ನಾನೂ ನಿಂತೆ.

ಈಗ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಮಿಡಿತ ನೋಡಿ ಆಯಿತು, ಸರಿಯಾಗಿದೆ. ತಿಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾನೆ, ನಿದ್ದೆಯಿಲ್ಲ, ನನ್ನನ್ನೇ ಕಾಯುತ್ತಿದ್ದಾನೆ. ಒಳಗೆ ಗೌರಮ್ಮ ನಾಳೆ ಉಡುವ ಸೀರೆ ಮಡಿಸುತ್ತಾ ಆ ಡಾಕ್ಟರಿಗೆ ಏನೇನು ಕೇಳಬೇಕೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾಳೆ. ನನ್ನ ಚೀಲ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದೇನೆ, ಹೋಗು ಎಂದರೆ ಅವಳು ಕಾಯುವಂತಾಗಬಾರದು. ಕರೆಂಟು ಹೋಗಿದೆ. "ಕತ್ಲಲ್ಲಿ ಏನ್ ಬರೀತೀರಿ ಅಣ್ಣಯ್ಯ, ತಡೀರಿ, ಲಾಟೀನು ತತ್ತೀನಿ" ಎಂದಳು ಈಗ. ಲಾಟೀನು ಬರುವುದರೊಳಗೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸಬೇಕು. ಕನ್ನಡದಲ್ಲೇ ಹೇಳಬೇಕು, ಸೊಂಟದ ಮೇಲೆ ಕೈಯಿಡದೆ. ಬೆಳಕು ಹೋಗುತ್ತಿದೆ, ಬರೆದದ್ದು ನನಗೇ ಕಾಣುತ್ತಿಲ್ಲ.